ಎರೆಹುಳುಗಳನ್ನು ಕೇಳಿದ ಮಾಮಾ

ಹೋದ ತಿಂಗಳು ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಶಾಲೆಯ ಮಾಮಾ ನಿವೃತ್ತರಾದರು. ಮರಾಠಿ ಸೀಮೆಗೆ ಸೇರಿದ ನಮ್ಮ ಜತ್ತ ತಾಲೂಕಿನ ಶಾಲೆ ಕಾಲೇಜುಗಳಲ್ಲಿ ಸಿಪಾಯಿ ಕೆಲಸ ಮಾಡುವವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಮಾಮಾ ಎನ್ನುತ್ತಾರೆ. ಗಂಟೆ ಬಾರಿಸುವವರು ಒಬ್ಬ ಮಾಮಾ, ಗ್ರಂಥಾಲಯದ ಬಾಗಿಲು ತೆಗೆಯುವವರು ಇನ್ನೊಬ್ಬ ಮಾಮಾ. ಇವರು ಲ್ಯಾಬ್ ಮಾಮಾ.

ಬೀಳ್ಕೊಡುಗೆ ಸಮಾರಂಭದಲ್ಲಿ ಶಾಲು, ತೆಂಗಿನಕಾಯಿ, ಒಂದು ಗೋಡೆ ಗಡಿಯಾರ ಕೊಟ್ಟರು. ಪ್ರಾಚಾರ್ಯರು ಮರಾಠಿಯಲ್ಲಿ ಮಾತಾಡಿ, ಇವರ ಕೈಯಲ್ಲಿ ಒಡೆದ ಗಾಜಿನ ನಳಿಕೆಗಳು ಬಹಳ ಕಡಿಮೆ ಎಂದು ಹೊಗಳಿದರು. ಉಳಿದವರಿಗೆ ತಲಾ ಎರಡು ನಿಮಿಷ. ನನ್ನ ಸರದಿ ಬಂದಾಗ ಎದ್ದು ನಿಂತೆ. "ಮಾಮಾ, ನಿಮ್ಮ ಕಡಿಂದ ಭಾಳ ಕಲ್ತೀನ್ರಿ" ಎಂದು ಕನ್ನಡದಲ್ಲೇ ಹೇಳಿದೆ. ಅಷ್ಟಕ್ಕೇ ಕೂತುಬಿಟ್ಟೆ. ಎರಡು ನಿಮಿಷದಲ್ಲಿ ಅರ್ಧ ನಿಮಿಷವೂ ಖರ್ಚಾಗಲಿಲ್ಲ. ಮಾಮಾ ವೇದಿಕೆಯ ಮೇಲೆ ಗಡಿಯಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಜಾರದಂತೆ ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು.

ಅಂದು ಹೇಳಲಾಗದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಂಖದ ಹತ್ತಿರದ ಒಂದು ಹಳ್ಳಿಯವಳು. ಹತ್ತನೆಯವರೆಗೆ ಕನ್ನಡ ಶಾಲೆ. ಕಾಲೇಜಿಗೆ ಬಂದಾಗ ಮಾತೆಲ್ಲ ಮರಾಠಿ, ಪುಸ್ತಕವೆಲ್ಲ ಇಂಗ್ಲಿಷು. ಮರಾಠಿ ನನಗೆ ಗೊತ್ತಿತ್ತು, ಆದರೆ ಸಂತೆಯಲ್ಲಿ ಆಡುವಷ್ಟು ಮಾತ್ರ. ಮೊದಲ ಪ್ರಾಯೋಗಿಕ ತರಗತಿಯಲ್ಲಿ ಎರೆಹುಳುವನ್ನು ಮೇಣದ ತಟ್ಟೆಯಲ್ಲಿ ಮಲಗಿಸಿ, ಮೈಮೇಲಿನ ಉಂಗುರಗಳನ್ನು ಎಣಿಸಿ, ಹದಿನಾಲ್ಕರಿಂದ ಹದಿನಾರರವರೆಗಿನ ದಪ್ಪ ಪಟ್ಟಿಯನ್ನು ಗುರುತಿಸಬೇಕಿತ್ತು. ನಾನು ತಲೆ ತಗ್ಗಿಸಿ ಎಣಿಸುತ್ತಿದ್ದೆ. ಪಕ್ಕದಲ್ಲಿ ಖಾಕಿ ಅಂಗಿ, ಬಿಳಿ ಟೊಪ್ಪಿಗೆಯ ಎತ್ತರದ ಮನುಷ್ಯ ಒಬ್ಬರು ಬಂದು ನಿಂತರು.

"ಯವ್ವಾ, ಕನ್ನಡದಾಕಿ ಏನ ನೀನು?" ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ. ಹೆಂಗ ಗೊತ್ತಾತ್ರಿ?"

"ಒಂದು, ಎರಡು, ಮೂರು ಅನ್ನಾಕತ್ತಿದ್ಯಲ್ಲ. ಮಂದಿ ಮಾತು ಯಾವ ಭಾಷಾದಾಗರೆ ಆಡ್ತಾರ, ಎಣಸೂದು ಮಾತ್ರ ಮನಿ ಭಾಷಾದಾಗ. ಅಂಜಬ್ಯಾಡ. ಚಲೋ ಎಣಸೀದಿ."

ಆ ಕಟ್ಟಡದಲ್ಲಿ ನನ್ನೊಡನೆ ಕನ್ನಡ ಮಾತಾಡಿದ ಮೊದಲನೆಯವರು ಅವರು. ಕರಜಗಿ ಕಡೆಯ, ಕುರಿ ಸಾಕುವ ಮನೆತನದವರು. ಓದಿದ್ದು ಹತ್ತನೆಯವರೆಗೆ. ಆದರೆ ಪ್ರಯೋಗಶಾಲೆಯ ಗಾಜಿನ ಭರಣಿಗಳ ಮೇಲಿನ ಹೆಸರುಗಳನ್ನು ವರ್ಷಗಟ್ಟಲೆ ಒರೆಸಿ ಒರೆಸಿ, ಅವೆಲ್ಲ ಅವರಿಗೆ ನೆಂಟರ ಹೆಸರಿನಂತೆ ಬಾಯಿಗೆ ಬರುತ್ತಿದ್ದವು. ಎರೆಹುಳುವನ್ನೂ ಭರಣಿಯ ಮೇಲಿನ ಹೆಸರಿನಿಂದಲೇ ಕರೆಯುತ್ತಿದ್ದರು. "ಫೆರೆಟಿಮಾ ಬೇಕಂದ್ರ ಬಾಳಿ ತೋಟಕ್ಕ ಹೋಗಬೇಕು. ಬರೀ ಜ್ವಾಳದ ಹೊಲದಾಗ ಸಿಗೂದಿಲ್ಲ" ಎನ್ನುತ್ತಿದ್ದರು. ಹೊಸದಾಗಿ ಬಂದ ಅಧ್ಯಾಪಕರು ಇದನ್ನು ಕೇಳಿ ನಗುತ್ತಿದ್ದರು. ಪರೀಕ್ಷೆಯ ಹಿಂದಿನ ದಿನ ಹುಳು ಬೇಕಾದಾಗ ಮಾತ್ರ ಮಾಮಾ ಹೇಳಿದ ತೋಟವನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಹುಳು ಹಿಡಿಯುವಾಗ ಅವರದೊಂದು ರೂಢಿ ಇತ್ತು. ಖುರ್ಪಿಯಿಂದ ಮಣ್ಣು ಎತ್ತಿ, ಬೇಕಾದಷ್ಟನ್ನು ತೆಗೆದುಕೊಂಡ ಮೇಲೆ ಆ ಹೆಂಟೆಯನ್ನು ತಿರುಗಿ ಅಲ್ಲೇ ಕೂರಿಸಿ, ಅಂಗೈಯಿಂದ ತಟ್ಟಿ ಮುಚ್ಚುತ್ತಿದ್ದರು. "ಒಳಗ ಇನ್ನೂ ಮಂದಿ ಅದಾರ. ಬಿಸಲ ಬಡದ್ರ ಸಾಯ್ತಾವ" ಎನ್ನುವರು. ಮುಂದೆ ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯಬಾರದೆಂದು ಸರಕಾರದ ಸುತ್ತೋಲೆ ಬಂತು. ಆ ಸುತ್ತೋಲೆ ಬಂದ ದಿನ ಮಾಮಾ ಮೇಣದ ತಟ್ಟೆಗಳನ್ನೆಲ್ಲ ತೊಳೆದು ಬಿಸಿಲಿಗಿಟ್ಟರು. "ಇಷ್ಟ ವರ್ಷದ ಮ್ಯಾಲ ನನ್ನ ಕೈ ಹಗರಾತು" ಎಂದರು.

ನಾನು ಎಂ.ಎಸ್ಸಿ. ಮುಗಿಸಿ, ಅದೇ ಕಾಲೇಜಿಗೆ ತಾಸಿನ ಲೆಕ್ಕದಲ್ಲಿ ಪಾಠ ಮಾಡುವ ಅಧ್ಯಾಪಕಿಯಾಗಿ ಬಂದಾಗ ಮಾಮಾ ನಾಲ್ಕು ಜನರ ಮುಂದೆ ನನ್ನನ್ನು ಮ್ಯಾಡಮ್ ಎನ್ನತೊಡಗಿದರು. ಬ್ಯಾಡ್ರಿ ಎಂದರೆ ಕೇಳಲಿಲ್ಲ. "ಮಾಸ್ತರಕಿ ಕುರ್ಚಿಗೆ ಮರ್ಯಾದಿ ಕೊಡಬೇಕಾಗತೈತಿ" ಎಂದರು. ಯಾರೂ ಇಲ್ಲದಾಗ ಮತ್ತೆ ಯವ್ವಾ.

ಈಗ ನನ್ನ ತಪ್ಪಿನ ಮಾತಿಗೆ ಬರಬೇಕು.

ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ನನ್ನನ್ನು ಓದಿಸಿದವರು ಅಪ್ಪನ ತಮ್ಮ, ನಮ್ಮ ಕಾಕಾ. ಮುಂಜಾನೆ ವಿಭೂತಿ ಹಚ್ಚಿಕೊಂಡು ಹೊಲಕ್ಕೆ ಹೋದರೆ ಮಾತು ಕಡಿಮೆ, ಕೆಲಸ ಹೆಚ್ಚು. ಜೋಳ, ಒಂದಿಷ್ಟು ದಾಳಿಂಬೆ. ಹೊಲದ ಕೆಳಗೆ ಮಳೆ ನೀರು ನಿಲ್ಲುವ ಒಂದು ಸಣ್ಣ ಕೆರೆ, ಮೇಲೆ ರಸ್ತೆಗೆಂದು ಮುರುಮು, ಅಂದರೆ ಗರಸುಮಣ್ಣು, ಅಗೆದು ಬಿಟ್ಟುಹೋದ ಒಂದು ಗುಂಡಿ.

ಕರೋನಾ ಮುಗಿದ ಮರುವರ್ಷದ ಬೇಸಿಗೆಯಲ್ಲಿ ಹೊರಗಿನ ಏಜೆಂಟ್ ಒಬ್ಬ ಊರಿಗೆ ಬಂದ. ದೂರದ ಎಣ್ಣೆ ಶುದ್ಧೀಕರಣ ಕಾರ್ಖಾನೆಯ ತೊಟ್ಟಿಗಳ ತಳದಲ್ಲಿ ಕೂತ ಗಸಿ ತನ್ನ ಬಳಿ ಇದೆ, ಪುಕ್ಕಟೆ ಕೊಡುತ್ತೇನೆ ಎಂದ. ದಾರಿಗೆ ಸುರಿದರೆ ಧೂಳು ಏಳುವುದಿಲ್ಲ, ಬದುವಿಗೆ ಹಾಕಿದರೆ ಗೆದ್ದಲು ಬರುವುದಿಲ್ಲ, ಉಳಿದದ್ದು ಮುರುಮಿನ ಗುಂಡಿಯಲ್ಲಿರಲಿ ಎಂದ. ಕಾಕಾನ ಹೊಲದ ದಾರಿಯಲ್ಲೇ ಮಕ್ಕಳ ಶಾಲೆಯ ಟೆಂಪೊ ಓಡಾಡುತ್ತಿತ್ತು. ಧೂಳಿನಿಂದ ಮಕ್ಕಳು ಕೆಮ್ಮುವುದನ್ನು ಕಾಕಾ ನೋಡಿದ್ದರು. ಏಜೆಂಟ್ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ರಜೆಗೆಂದು ಮನೆಯಲ್ಲಿದ್ದ ನನ್ನ ಮುಂದೆ ಕಾಕಾ ಅದನ್ನು ಹಿಡಿದರು.

"ತಂಗಿ, ನೀ ಸಾಯನ್ಸ್ ಕಲ್ತಾಕಿ. ಓದಿ ಹೇಳು. ಏನರೆ ಆಗತೈತೇನು?"

ನಾನು ಆಗ ಪ್ರಾಧ್ಯಾಪಕಿ ಹುದ್ದೆಗೆ ಬೇಕಾದ ಅರ್ಹತಾ ಪರೀಕ್ಷೆಗೆ ಓದುತ್ತಿದ್ದೆ. ಬೆರಳನ್ನು ಪುಸ್ತಕದ ಪುಟದಲ್ಲಿಟ್ಟುಕೊಂಡೇ ಕಾಗದದ ಮೇಲೆ ಕಣ್ಣಾಡಿಸಿದೆ. ಅಪಾಯವಿಲ್ಲದ ತ್ಯಾಜ್ಯ ಎಂದು ಮೊದಲ ಸಾಲಿನಲ್ಲೇ ಇತ್ತು. ಎಣ್ಣೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುತ್ತವೆ ಎಂದು ಅದೇ ವಾರ ಓದಿದ್ದೆ. "ಏನೂ ಆಗಂಗಿಲ್ಲ ಕಾಕಾ, ಸಹಿ ಮಾಡ್ರಿ" ಎಂದು ಹೇಳಿ ಪುಸ್ತಕಕ್ಕೆ ಮರಳಿದೆ.

ಟ್ಯಾಂಕರ್‌ಗಳು ಬಂದವು. ಊರವರು ಅದನ್ನು ಕರೀ ರಾಡಿ ಎಂದು ಕರೆದರು. ದಾರಿಗೆ ಸುರಿದರು, ಬದುವಿಗೆ ಸುರಿದರು, ಗುಂಡಿ ಅರ್ಧ ತುಂಬಿತು. ಧೂಳು ನಿಜಕ್ಕೂ ಏಳಲಿಲ್ಲ. ಕಾಕಾ ಖುಷಿಯಾಗಿದ್ದರು.

ಆ ವರ್ಷ ಮಳೆ ಬಿದ್ದ ಮೇಲೆ ಮೊದಲ ವರ್ಷದ ಹುಡುಗಿಯರಿಗೆ ಕೆರೆ ನೀರಿನ ಪಾಠ ಇತ್ತು. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಓಡಾಡುವ ಜೀವಿಗಳನ್ನು ತೋರಿಸುವ ಪಾಠ. ಮಾಮಾ ಪ್ರತಿ ವರ್ಷ ಈ ನೀರನ್ನು ತರುತ್ತಿದ್ದದ್ದು ನಮ್ಮ ಹೊಲದ ಕೆಳಗಿನ ಕೆರೆಯಿಂದಲೇ. ಅದರಷ್ಟು ಗಿಜಿಗುಡುವ ನೀರು ತಾಲೂಕಿನಲ್ಲಿಲ್ಲ ಎಂಬುದು ಅವರ ಅಭಿಪ್ರಾಯ. ಅಂದೂ ಮುಂಜಾನೆ ಮೊಪೆಡ್ ಮೇಲೆ ಹೋಗಿ ಬಕೆಟ್ಟಿನಲ್ಲಿ ತಂದರು. ನಾನು ಒಂದು ಹನಿ ನೋಡಿದೆ. ಇನ್ನೊಂದು ನೋಡಿದೆ. ಏನೂ ಅಲುಗಲಿಲ್ಲ. ಮಾಮಾ ತಾವೂ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮ್ಯಾಡಮ್, ಇವತ್ತ ಒಳಗ ಯಾರೂ ಇಲ್ಲ" ಎಂದರು.

ಸಂಜೆ ಇಬ್ಬರೂ ಕೆರೆಗೆ ಹೋದೆವು. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪೊರೆ. ಮಾಮಾ ಒಂದು ಕಡ್ಡಿ ತೆಗೆದುಕೊಂಡು ಅದರಲ್ಲಿ ಗೀರು ಎಳೆದರು.

"ನೋಡು. ಎಲಿ ಕೊಳತ ಜಿಡ್ಡ ಇದ್ದಿದ್ರ ಕಡ್ಡಿ ಆಡಿಸಿದ ಕೂಡಲೆ ಒಡದು ಚೂರ ಚೂರ ಆಗತಿತ್ತು. ಇದು ತಿರಿಗಿ ಕೂಡಾಕತ್ತೈತಿ. ಇದು ಎಣ್ಣಿ."

ಪೊರೆ ನಿಜಕ್ಕೂ ಅವರ ಕಡ್ಡಿಯ ಹಿಂದೆಯೇ ಮತ್ತೆ ಕೂಡಿಕೊಂಡಿತು. ನೀರ ಮೇಲೆ ಜಾರುತ್ತ ಓಡಾಡುವ ಉದ್ದ ಕಾಲಿನ ಹುಳುಗಳು ಒಂದೂ ಇರಲಿಲ್ಲ. ದಡದ ಕೆಸರಿನಲ್ಲಿ ಬಸವನಹುಳುಗಳು ಬಾಯಿ ಮುಚ್ಚಿಕೊಂಡು ಬಿದ್ದಿದ್ದವು. ಒಂದು ಕಲ್ಲಿನ ಸಂದಿಯಲ್ಲಿ ಸತ್ತ ಕಪ್ಪೆಮರಿಗಳು, ನಮ್ಮ ಮಾತಿನ ಗೊದ್ದಮರಿಗಳು, ಕರಿ ಎಳ್ಳು ಚೆಲ್ಲಿದಂತೆ ಗುಂಪಾಗಿದ್ದವು. ಹಳ್ಳದ ಗುಂಟ ಮೇಲಕ್ಕೆ ನಡೆದೆವು. ಪೊರೆ ದಪ್ಪವಾಗುತ್ತ ಹೋಯಿತು, ಕಡೆಗೆ ನಮ್ಮ ಗುಂಡಿಯ ಅಂಚಿಗೆ ಮುಟ್ಟಿತು. ಮಳೆಗೆ ತುಂಬಿದ ಗುಂಡಿಯಿಂದ ಕರೀ ನೀರು ಸಣ್ಣಗೆ ಸೋರುತ್ತಿತ್ತು. ಮಾಮಾ ಕೂತು ಬದುವಿನ ಮಣ್ಣನ್ನು ಖುರ್ಪಿಯಿಂದ ಎತ್ತಿ ಮೂಸಿದರು. ಆ ಹೊಲ ಯಾರದೆಂದು ಅವರಿಗೆ ಗೊತ್ತಿತ್ತು. ಎತ್ತಿದ ಮಣ್ಣನ್ನು ಚೀಲಕ್ಕೆ ಹಾಕಿಕೊಂಡರು. ನಾನು ಕಾಗದದ ಮಾತು ಎತ್ತಲಿಲ್ಲ.

ಮರುದಿನ ನಾನೇ ಮಾತು ತೆಗೆದೆ. "ಕಾಕಾಗ ಹೇಳಬೇಕ್ರಿ. ಆದ್ರ ನಂಬೂದಿಲ್ಲ. ಪ್ರಯೋಗಾಲಯದ ವರದಿ ಬರಾಕ ಎಷ್ಟ ತಿಂಗಳಾಗತೈತೋ."

"ವರದಿ ಬರಲಿ ಬಿಡು, ಬಂದಾಗ ಬರ್ತೈತಿ" ಎಂದರು ಮಾಮಾ. "ಅಲ್ಲೀತನಾ ನಾವು ಹುಳಕ್ಕ ಕೇಳೂಣು."

ಒಂದು ಅಗಲವಾದ ತಗಡಿನ ತಟ್ಟೆಯನ್ನು ತಂದರು. ಅರ್ಧಕ್ಕೆ ಸನಮಡಿ ಊರಿನ ತಮ್ಮ ಬೀಗರ ತೋಟದ ಮಣ್ಣು, ಇನ್ನರ್ಧಕ್ಕೆ ನಮ್ಮ ಬದುವಿನ ಮಣ್ಣು ತುಂಬಿದರು. ಎರಡಕ್ಕೂ ಒಂದೇ ಅಳತೆಯ ನೀರು ಚಿಮುಕಿಸಿದರು. ನಡುವೆ ಬೆರಳಿನಿಂದ ಗೆರೆ ಎಳೆದು, ಆ ಗೆರೆಯ ಮೇಲೆ ಹತ್ತು ಎರೆಹುಳು ಬಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿದರು. ವಿದೇಶದ ಪ್ರಯೋಗಾಲಯಗಳಲ್ಲೂ ಹೀಗೇ ಪರೀಕ್ಷೆ ಮಾಡುವ ಕ್ರಮವಿದೆ ಎಂದು ನನಗೆ ಆಮೇಲೆ ಓದಿ ತಿಳಿಯಿತು. ಮಾಮಾ ಓದಿರಲಿಲ್ಲ. ಹುಳು ಬೇಕಾದಾಗ ಎಲ್ಲಿ ಅಗೆಯಬೇಕು, ಎಲ್ಲಿ ಅಗೆಯಬಾರದು ಎಂಬುದಷ್ಟೇ ಅವರಿಗೆ ಗೊತ್ತಿದ್ದದ್ದು. ಎರಡು ದಿನ ಬಿಟ್ಟು ಗೋಣಿಚೀಲ ತೆಗೆದೆವು. ಹತ್ತೂ ಹುಳು ಸನಮಡಿಯ ಮಣ್ಣಿನಲ್ಲಿದ್ದವು. ನಮ್ಮ ಮಣ್ಣಿನಲ್ಲಿ ಒಂದೂ ಇರಲಿಲ್ಲ. ಬೇರೆ ಕುಂಡದಲ್ಲಿ ನಮ್ಮ ಮಣ್ಣನ್ನೇ ತುಂಬಿ, ಓಡಿಹೋಗದಂತೆ ಬಾಯಿಗೆ ಜಾಳಿಗೆ ಕಟ್ಟಿ ಇಟ್ಟಿದ್ದ ಹುಳುಗಳು ಬಾತು, ಮೈ ಗಂಟುಗಂಟಾಗಿ ಸತ್ತಿದ್ದವು.

ಆಗ ನಾನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಕಾಗದ ಓದಿದ್ದು, ಪುಸ್ತಕದಿಂದ ಬೆರಳು ತೆಗೆಯದೇ ಇದ್ದದ್ದು, ಸಹಿ ಮಾಡ್ರಿ ಎಂದದ್ದು. "ನಾ ಕಾಕಾನ ಮುಂದ ಹೋಗಿ ನಿಂದ್ರೂದಿಲ್ರಿ ಮಾಮಾ. ನೀವ ಹೇಳ್ರಿ" ಎಂದು ಅತ್ತೆ.

ಮಾಮಾ ಸಮಾಧಾನದ ಮಾತು ಆಡಲಿಲ್ಲ. "ಬಾ ಇಲ್ಲಿ" ಎಂದು ಕರೆದುಕೊಂಡು ಪ್ರಯೋಗಶಾಲೆಯ ಹಿಂಬದಿಗೆ ಹೋದರು. ಗೋಡೆಯ ಪಕ್ಕ ಒಂದು ಹಾಸಿಗೆಯಷ್ಟು ಅಗಲದ ಜಾಗದಲ್ಲಿ ಗರಿಕೆ ಬೆಳೆದಿತ್ತು.

"ಇಲ್ಲೊಂದು ಬೇವಿನ ಗಿಡ ಇತ್ತು" ಎಂದರು. "ವರ್ಷಾ ಭರಣಿ ಒಳಗಿನ ಹಳೇ ಫಾರ್ಮಾಲಿನ್ ನೀರು ತಗದು ಇದರ ಬುಡಕ್ಕ ಚೆಲ್ತಿದ್ನಿ. ಚೆಲ್ಲು ಅಂತ ಯಾರೂ ಹೇಳಿದ್ದಿಲ್ಲ, ಚೆಲ್ಲಬ್ಯಾಡ ಅಂತೂ ಹೇಳಿದ್ದಿಲ್ಲ. ನಾನೂ ಕೇಳಲಿಲ್ಲ. ಗಿಡ ಒಣಗಿತು. ಹುಳಾ ಹತ್ತಿರಬೇಕಂತ ಕಡದ್ರು. ಒಂದ ದಿನ ಹುಳಾ ಸಿಗತಾವೇನಂತ ಇಲ್ಲೇ ಅಗದ್ನಿ. ಒಂದೂ ಇರಲಿಲ್ಲ. ಇರಿವಿ ಸುದ್ದಾ ಇರಲಿಲ್ಲ. ಆವಾಗ ತಿಳೀತು, ಗಿಡಾ ಕೊಂದಾಂವ ನಾ ಅಂತ."

"ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಲಿಲ್ಲ. ಅದ ನಾ ಮಾಡಿದ ಎರಡನೇ ತಪ್ಪು. ಅವತ್ತಿಂದ ಹಳೇ ನೀರು ಡ್ರಮ್ಮಿನಾಗ ತುಂಬಿ ಇಡಸ್ತೀನಿ. ವರ್ಷಾ ಇಲ್ಲಿ ಕುರಿ ಗೊಬ್ಬರ ಹಾಕಿ ತಿರಿವೀನಿ. ಗರಿಕಿ ಬರಾಕ ಆರ ವರ್ಷ ಹಿಡೀತು." ಗರಿಕೆಯ ಮೇಲೆ ಕೈಯಾಡಿಸಿ ಹೇಳಿದರು: "ಯವ್ವಾ, ಹುಳಾ ಹೇಳಿದ್ದು ನಾ ಹೇಳ್ತೀನಿ. ನೀ ಓದಿದ್ದು ನೀನ ಹೇಳಬೇಕು."

ಮರುದಿನ ತಟ್ಟೆಯನ್ನು ಹೊತ್ತುಕೊಂಡು ಊರಿಗೆ ಹೋದೆವು. ಕಾಕಾ ಕಟ್ಟೆಯ ಮೇಲೆ ಕೂತಿದ್ದರು. "ಬರ್ರಿ, ಕುಂದ್ರಿ" ಎಂದು ಮಾಮಾನಿಗೆ ನೀರು ಕೊಡಿಸಿದರು. ಮಾಮಾ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಗೋಣಿ ತೆಗೆದರು.

"ಯಜಮಾನ್ರ, ಈ ಕಡೆ ಸನಮಡಿ ಮಣ್ಣ ಐತಿ. ಈ ಕಡೆ ನಿಮ್ಮ ಬದುವಿನ ಮಣ್ಣ. ಹುಳಾ ನಡುವ ಬಿಟ್ಟಿದ್ವಿ. ನೀವ ಕೈಯಾಡಿಸಿ ನೋಡ್ರಿ."

ಕಾಕಾ ಎರಡೂ ಕಡೆ ಬೆರಳಾಡಿಸಿದರು. ಒಂದು ಕಡೆ ಹುಳುಗಳು ಹೊರಳಿದವು. ಇನ್ನೊಂದು ಕಡೆಯ ಮಣ್ಣು ಬೆರಳಿಗೆ ಜಿಡ್ಡಾಗಿ ಅಂಟಿತು. ಧೋತರಕ್ಕೆ ಒರೆಸಿಕೊಂಡರೆ ಹೋಗಲಿಲ್ಲ.

"ನಮ್ಮ ಮಣ್ಣಾಗ ಹುಳಾ ಯಾಕ ಇರವಲ್ಲವು?"

"ಆ ಕರೀ ರಾಡಿ ಒಳಗ ವಿಷ ಐತ್ರಿ. ಮಣ್ಣಿನ ಉಸರ ಕಟ್ಟಿಸೈತಿ. ಕೆರಿ ಒಳಗೂ ಹಂಗ ಆಗೈತಿ."

"ಕಾಗದದಾಗ ಏನೂ ಇಲ್ಲ ಅಂತ ಇತ್ತಲ್ಲ" ಎಂದು ಕಾಕಾ ನನ್ನ ಕಡೆ ತಿರುಗಿದರು.

"ಕಾಕಾ, ನಾ ಸರಿಯಾಗಿ ಓದಲಿಲ್ಲ. ಮದ್ಲನೇ ಸಾಲ ಓದಿ ಸಹಿ ಮಾಡ್ರಿ ಅಂದ್ನಿ. ಕಡೀ ಪುಟದಾಗ, ಜನಾ ದನಾ ಇರೂ ಜಾಗಾದಾಗ, ನೀರಿನ ಹಂತ್ಯಾಕ ಹಾಕಬಾರದು ಅಂತ ಸಣ್ಣ ಅಕ್ಷರದಾಗ ಇತ್ತು. ನಿನ್ನೆ ಓದೀನಿ."

ಕಾಕಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎದ್ದು, ಚಪ್ಪಲಿ ಮೆಟ್ಟಿ, ಹೊಲದ ಕಡೆ ಹೋದರು. ಕತ್ತಲಾಗುವ ಹೊತ್ತಿಗೆ ತಿರುಗಿ ಬಂದು, ಮಾಮಾನಿಗೆ ಮಾತ್ರ ಕೇಳಿದರು: "ಈಗ ಏನ ಮಾಡೂದ್ರಿ?" ಅಂದಿನಿಂದ ನನ್ನೊಡನೆ ಮಾತು ಕಡಿಮೆ ಮಾಡಿದರು. ಊಟಕ್ಕ ಬಾ, ಬಸ್ ಬಂತು, ಅಷ್ಟೇ. ತಂಗಿ ಎಂದು ಕರೆಯುವುದನ್ನೂ ಬಿಟ್ಟರು.

ಎರಡು ದಿನಕ್ಕೆ ಇನ್ನೊಂದು ಟ್ಯಾಂಕರ್ ಬಂತು. ಕಾಕಾ ದಾರಿಗೆ ಅಡ್ಡ ನಿಂತರು, ಪಕ್ಕದಲ್ಲಿ ರಜೆ ಹಾಕಿ ಬಂದ ಮಾಮಾ. ಡ್ರೈವರ್ ನಡುವಯಸ್ಸಿನವನು. ನನಗೇನು ಗೊತ್ತು, ತುಂಬಿಸುತ್ತಾರೆ, ತರುತ್ತೇನೆ ಎಂದು ಮರಾಠಿಯಲ್ಲಿ ರೇಗಿದ. ಮಾಮಾ ಅವನ ತೋಳು ಹಿಡಿದು ನೋಡಿದರು. ಮೊಣಕೈವರೆಗೆ ಕಜ್ಜಿಯಂಥ ಗಾಯ. ಇದು ಯಾವಾಗಿನಿಂದ ಎಂದು ಕೇಳಿದರು. ಈ ಕೆಲಸ ಹಿಡಿದಾಗಿನಿಂದ ಎಂದ ಅವನು. ಮಾಮಾ ನೀರು, ಸಾಬೂನು ತರಿಸಿ ಕೈ ತೊಳೆಸಿ, ದವಾಖಾನೆಗೆ ತೋರಿಸು ಎಂದರು. ಡ್ರೈವರ್ ಗಾಡಿ ಹಿಂದಕ್ಕೆ ತೆಗೆದ. ಅದು ನಮ್ಮೂರಿಗೆ ಬಂದ ಕಡೆಯ ಟ್ಯಾಂಕರ್. ಏಜೆಂಟನ ಫೋನು ಅಂದೇ ಬಂದ್ ಆಯಿತು. ಕಾಗದದ ಮೇಲಿದ್ದ ವಿಳಾಸದಲ್ಲಿ ಅಂಥವರು ಯಾರೂ ಇರಲಿಲ್ಲ.

ದೂರು ಕೊಡಲು ತಾಲೂಕಿನ ಸರಕಾರಿ ಕಚೇರಿಗೆ ಹೋದೆವು. ಮಾಮಾ ಹೊಸದಾಗಿ ತಟ್ಟೆ ಸಿದ್ಧಮಾಡಿ ತಂದಿದ್ದರು. ಸಾಹೇಬರು ಕನ್ನಡ ಬಲ್ಲವರು. ತಟ್ಟೆಯನ್ನು ನೋಡಿ ನಕ್ಕರು. "ಮನಷ್ಯಾರ್ದು, ದನದ್ದು ಪಂಚನಾಮಾ ಮಾಡೀವಿ. ಹುಳದ ಪಂಚನಾಮಾ ಹೆಂಗ ಮಾಡೂದು ಮಾಮಾ?"

ಮಾಮಾ ಕೈ ಕಟ್ಟಿಕೊಂಡು ನಿಂತಿದ್ದರು. "ಸಾಹೇಬ್ರ, ಈ ತಟ್ಟಿ ಒಳಗಿನ ಹುಳಾ ಸತ್ತಿಲ್ರಿ. ಸಾಯೂಕಿಂತ ಮದ್ಲ ಈ ಕಡೆ ಓಡಿ ಬಂದಾವ. ಆ ಹೊಲದಾಗಿನ ಹುಳಕ್ಕ ಓಡಾಕ ಈ ಕಡೆ ಅನ್ನೂದು ಇರಲಿಲ್ಲ. ಆ ಕೆರಿ ಕೆಳಗ ಕುಡ್ಯೂ ನೀರಿನ ಬಾವಿ ಐತಿ. ನಮಗೂ ಓಡಾಕ ಜಾಗಾ ಇಲ್ರಿ."

ಸಾಹೇಬರ ನಗು ನಿಂತಿತು. ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಬೆರಳಿನಿಂದ ಮಣ್ಣು ಸರಿಸಿ ನೋಡಿದರು. ಆಮೇಲೆ ಕೆಲಸ ನಡೆಯಿತು, ನಿಧಾನವಾಗಿ. ಮೊದಲು ಬಾವಿಯ ನೀರು ಕುಡಿಯಬಾರದೆಂದು ಫಲಕ ಹಾಕಿ, ಊರಿಗೆ ಬೇರೆ ನೀರು ತರಿಸಿದರು. ಸೀಸೆಗಳಲ್ಲಿ ನೀರು, ಮಣ್ಣು ತುಂಬಿ ಮೊಹರು ಹಾಕಿ ಒಯ್ದರು. ಬಾವಿಗೆ ಇನ್ನೂ ಇಳಿದಿಲ್ಲ, ಆದರೆ ಗಸಿ ಅಪಾಯಕಾರಿಯೇ ಎಂದು ವರದಿ ಬಂತು. ಎಷ್ಟೋ ತಿಂಗಳ ಮೇಲೆ ಮುಖಕ್ಕೆ ಮುಸುಕು ಕಟ್ಟಿಕೊಂಡವರು ಬಂದು, ಗುಂಡಿಯ ರಾಡಿಯನ್ನು ಡ್ರಮ್ಮುಗಳಲ್ಲಿ ತುಂಬಿ ಸಾಗಿಸಿದರು. ಬದುವಿನ ಮಣ್ಣಿಗೆ ಬೆರೆತದ್ದನ್ನು ಮಾತ್ರ ಬಿಟ್ಟುಹೋದರು.

ಡ್ರಮ್ಮುಗಳು ಬರುವವರೆಗೆ ಸುಮ್ಮನೆ ಕೂರಲು ಮಾಮಾ ಬಿಡಲಿಲ್ಲ. ಗುಂಡಿಯ ಸುತ್ತ ಒಡ್ಡು ಹಾಕಿಸಿದರು. ಹಳ್ಳಕ್ಕೆ ಅಡ್ಡಲಾಗಿ ಜೋಳದ ಕಣಿಕೆಯ, ಅಂದರೆ ಒಣದಂಟಿನ, ಸಿವುಡುಗಳನ್ನು ಕಟ್ಟಿಸಿದರು. ನೀರು ಸಂದಿಯಲ್ಲಿ ಹರಿದುಹೋಗುತ್ತಿತ್ತು, ಎಣ್ಣೆಯನ್ನು ಕಣಿಕೆ ಹೀರಿಕೊಳ್ಳುತ್ತಿತ್ತು. ಕರ್ರಗಾದ ಸಿವುಡುಗಳನ್ನು ಸುಟ್ಟುಬಿಡೋಣ ಎಂದು ಕಾಕಾ ಹೇಳಿದಾಗ, "ಬ್ಯಾಡ್ರಿ, ನೀರಾಗಿಂದು ಗಾಳ್ಯಾಗ ಹೋಗತೈತಿ" ಎಂದು ತಡೆದು, ಅವನ್ನು ಕಾಯ್ದಿಟ್ಟು, ಮುಂದೆ ಆ ಡ್ರಮ್ಮುಗಳಿಗೇ ಹಾಕಿಸಿದರು.

ಮೂರು ವರ್ಷ ಮಾಮಾನ ಭಾನುವಾರಗಳು ನಮ್ಮ ಹೊಲದಲ್ಲಿ ಕಳೆದವು. ಕರಜಗಿಯ ತಮ್ಮವರಿಗೆ ಹೇಳಿ ಪಕ್ಕದ ಹೊಲದಲ್ಲಿ ರಾತ್ರಿ ಕುರಿಮಂದೆ ತರುಬಿಸಿ, ಆ ಗೊಬ್ಬರವನ್ನು ಬುಟ್ಟಿಯಲ್ಲಿ ಹೊತ್ತು ತಂದು ಕೆಟ್ಟ ಮಣ್ಣಿಗೆ ಬೆರೆಸುತ್ತಿದ್ದರು. ನೀರು ಚಿಮುಕಿಸಿ ತಿರುವುತ್ತಿದ್ದರು. ಕೈಗೆ ರಬ್ಬರಿನ ಗವಸು ಹಾಕಿಕೊಳ್ಳದೆ ನನ್ನನ್ನು ಮಣ್ಣು ಮುಟ್ಟಗೊಡುತ್ತಿರಲಿಲ್ಲ. ಎಣ್ಣೆ ತಿನ್ನುವ ಜೀವಿಗಳ ಬಗ್ಗೆ ನಾನು ಪುಸ್ತಕದಲ್ಲಿ ಓದಿದ್ದು ಸುಳ್ಳಾಗಿರಲಿಲ್ಲ. ಆದರೆ ಅವಕ್ಕೆ ಗಾಳಿ, ಗೊಬ್ಬರ, ತೇವ, ವರ್ಷಗಟ್ಟಲೆ ಕಾಲ ಬೇಕು ಎಂಬುದು ನನಗೆ ಗುದ್ದಲಿ ಹಿಡಿದ ಮೇಲೆ ತಿಳಿಯಿತು.

ಒಮ್ಮೆ ಮಣ್ಣು ತಿರುವುತ್ತ ಕೇಳಿದೆ, "ಕಾಕಾ ನನ್ನ ಸಂಗಾಟ ಯಾವಾಗ ಮಾತಾಡ್ತಾರೋ ಮಾಮಾ."

"ನೀ ಮಾತಾಡಿಸ್ತಾ ಇರು" ಎಂದರು. "ಅವ್ರು ಉತ್ತರಾ ಕೊಡವಲ್ರು ಅಂತ ನೀ ಬಿಡಬ್ಯಾಡ. ಸಿಟ್ಟ ನಿನ್ನ ಮ್ಯಾಲಷ್ಟ ಅಲ್ಲ, ತಮ್ಮ ಮ್ಯಾಲೂ ಐತಿ. ಸಹಿ ಅವರದ."

ಕೆರೆ ಮೊದಲು ಚೇತರಿಸಿಕೊಂಡಿತು. ಎರಡನೆಯ ಮಳೆಗಾಲದಲ್ಲಿ ಸೊಳ್ಳೆಮರಿ, ಮೂರನೆಯದರಲ್ಲಿ ಗೊದ್ದಮರಿ ಕಂಡವು. ಬಕೆಟ್ಟಿನ ನೀರಿನಲ್ಲಿ ಮೊದಲ ಬಾರಿಗೆ ಏನೋ ಅಲುಗಿದ ದಿನ ಮಾಮಾ ಪಾಠ ನಿಲ್ಲಿಸಿ, ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರಿಗೂ ತೋರಿಸಿದ್ದರು. ಮಣ್ಣು ಮಾತ್ರ ತಡ ಮಾಡಿತು. ಪ್ರತಿ ಮುಂಗಾರಿಗೂ ಕಾಕಾ ಕೇಳುತ್ತಿದ್ದರು, "ಬಿತ್ತಲ್ಯಾ?" ಮಾಮಾ ಅಲ್ಲಲ್ಲಿ ಅಗೆದು ನೋಡಿ, "ಇನ್ನೊಂದ ವರ್ಷ ತಡೀರಿ" ಎನ್ನುತ್ತಿದ್ದರು. ಹೋದ ವರ್ಷ ನಾಲ್ಕೈದು ಹುಳು ಸಿಕ್ಕವು. ಕಾಕಾನ ಮುಖ ಅರಳಿತು. ಆಗಲೂ ಮಾಮಾ, "ಇವು ದಾರಿ ತಪ್ಪಿ ಬಂದಿದ್ದೂ ಇರಬಹುದು" ಎಂದರು. ಕೇಳುವವರ ಮನಸ್ಸು ನೋಡಿ ಅವರಿಗೆ ಬೇಕಾದ ಉತ್ತರ ಕೊಡುವುದು ಅವರಿಂದ ಆಗುತ್ತಿರಲಿಲ್ಲ. ನಾನು ಅಧ್ಯಾಪಕಿಯಾಗಿ ಅವರಿಂದ ಪಡೆದದ್ದರಲ್ಲಿ ದೊಡ್ಡದು ಇದೇ. ಇಂದು ವಿದ್ಯಾರ್ಥಿನಿಯೊಬ್ಬಳು ಏನಾದರೂ ಕೇಳಿದರೆ ಪುಸ್ತಕ ಮುಚ್ಚಿ, ಕಡೆಯ ಪುಟದವರೆಗೆ ಓದಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇನೆ.

ಈ ವರ್ಷ ಜೂನ್‌ನಲ್ಲಿ, ಅವರ ನಿವೃತ್ತಿಗೆ ಮುಂಚಿನ ಭಾನುವಾರ, ಮಳೆ ಹದವಾಗಿ ಬಿದ್ದಿತ್ತು. ಮಾಮಾ ಬದುವಿನ ಗುಂಟ ಕೂತು ಖುರ್ಪಿಯಿಂದ ಮಣ್ಣು ಎತ್ತಿದರು. ಕಾಕಾ ಪಕ್ಕದಲ್ಲಿ ನಿಂತಿದ್ದರು. ಹುಳುಗಳಿದ್ದವು. ಮಾಮಾ ಅವನ್ನು ಸರಿಸಿ, ಮಣ್ಣನ್ನು ಅಂಗೈಯಲ್ಲಿ ಪುಡಿಮಾಡಿ, ಕಣ್ಣಿನ ಹತ್ತಿರ ತಂದು, ಮತ್ತೆ ಮತ್ತೆ ಹುಡುಕಿದರು. ಬಹಳ ಹೊತ್ತಾಯಿತು. ಆಮೇಲೆ ಒಂದು ಚಿಟಿಕೆ ಮಣ್ಣನ್ನು ನನ್ನ ಕೈಯಲ್ಲಿಟ್ಟರು. ಅದರಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ, ಲಿಂಬೆಹಣ್ಣಿನ ಆಕಾರದ, ಮಾಸಲು ಹಳದಿಯ ಮೂರು ಕಾಳುಗಳು.

"ತತ್ತಿ" ಎಂದರು. ಟೊಪ್ಪಿಗೆ ಸರಿಮಾಡಿಕೊಂಡರು. "ಯಜಮಾನ್ರ, ಇವು ಬಂದು ಹೋಗೂ ಮಂದಿ ಅಲ್ಲ. ಸಂಸಾರ ಹೂಡ್ಯಾವ."

"ಹಂಗಾರ ಬಿತ್ತಲ್ಯಾ?" ಎಂದು ಕಾಕಾ ಕೇಳಿದರು.

"ಬಿತ್ತರಿ. ಆದ್ರ ಈ ವರ್ಷ ತಿನ್ನೂ ಬೆಳಿ ಬ್ಯಾಡ. ಸೆಣಬ ಬಿತ್ತರಿ. ಹೂ ಬರ್ತಾವಲಾ, ಆವಾಗ ಮಣ್ಣಾಗ ಹೂಳಿಬಿಡ್ರಿ, ಗೊಬ್ಬರ ಆಗತೈತಿ."

ಹೀಗೆನ್ನುತ್ತ ಮಾಮಾ ಬಗಲಚೀಲದಿಂದ ಒಂದು ಅರಿವೆಯ ಗಂಟು ತೆಗೆದರು. ಸೆಣಬಿನ ಬೀಜ. ಇವತ್ತು ಬೇಕಾಗುತ್ತದೆಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗೊತ್ತಿರಲಿಲ್ಲವಂತೆ. ಪ್ರತಿ ವರ್ಷ ಮೊದಲ ಮಳೆಗೆ ತರುತ್ತಿದ್ದರಂತೆ, ಯಾರಿಗೂ ತೋರಿಸದೆ ಮನೆಗೆ ಒಯ್ಯುತ್ತಿದ್ದರಂತೆ.

ಕಾಕಾ ಗಂಟನ್ನು ತೆಗೆದುಕೊಂಡರು. ಬಿಚ್ಚಿ, ಬೀಜವನ್ನು ಬೆರಳಿನಿಂದ ಆಡಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ಉಡಿ ಒಡ್ಡು."

ನಾನು ಓಢಣಿಯ ತುದಿ ಹಿಡಿದು ಒಡ್ಡಿದೆ. ಕಾಕಾ ಎರಡೂ ಕೈಯಿಂದ ಬೀಜ ಸುರಿದರು.